ಶುಕ್ರವಾರದ ಪತ್ರ: ಒಂದು ಪ್ರಾಥಮಿಕ ಶಾಲೆಯ ಸುದ್ದಿಸೇವೆಯನ್ನು ಮೂರು ವರ್ಷ ಬಳಸಿದ ಮೇಲೆ

ನಮ್ಮ ಮಕ್ಕಳು ಓದುವ ಪ್ರಾಥಮಿಕ ಶಾಲೆ ಮನೆಗಳಿಗೆ ಸುದ್ದಿ ತಲುಪಿಸಲು ನಾಲ್ಕು ದಾರಿಗಳನ್ನು ಇಟ್ಟುಕೊಂಡಿದೆ: ಪ್ರತಿ ಶುಕ್ರವಾರ ಸಂಜೆ ಇಮೇಲ್‌ನಲ್ಲಿ ಬರುವ ಒಂದು ಪತ್ರ, ತುರ್ತು ಸಂದರ್ಭಗಳಿಗೆ ಎಸ್‌ಎಂಎಸ್, ತರಗತಿಯ ದಿನದಿನದ ಚಿತ್ರ ಮತ್ತು ಸೂಚನೆಗಳಿಗೆ ಒಂದು ಆ್ಯಪ್, ಹಾಗೂ ಫೋನಿಗೆ ಜೋಡಿಸಿಕೊಳ್ಳಬಹುದಾದ ಒಂದು ಕ್ಯಾಲೆಂಡರ್. ಮಗಳು ಎರಡನೆಯ ತರಗತಿಯಲ್ಲಿದ್ದಾಗ ಈ ವ್ಯವಸ್ಥೆ ಆರಂಭವಾಯಿತು. ಅವಳು ಈಗ ನಾಲ್ಕನೆಯ ತರಗತಿ ಮುಗಿಸುತ್ತಿದ್ದಾಳೆ, ಅವಳ ತಮ್ಮ ಒಂದನೆಯ ತರಗತಿಯಲ್ಲಿದ್ದಾನೆ. ಅಂದರೆ ಮೂರು ಪೂರ್ಣ ಶೈಕ್ಷಣಿಕ ವರ್ಷ ಇದನ್ನು ದಿನವೂ ಬಳಸಿದ್ದೇನೆ. ಶಾಲೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಂಥದೇ ವ್ಯವಸ್ಥೆ ಇಂದು ಎಷ್ಟೋ ಶಾಲೆಗಳಲ್ಲಿದೆ. ಮಗುವನ್ನು ಸೇರಿಸುವ ಮುನ್ನ ಕಟ್ಟಡ, ಶುಲ್ಕ, ದೂರಗಳ ಬಗ್ಗೆ ವಿಚಾರಿಸುವ ಪೋಷಕರಿಗೆ ಇದರ ಬಗ್ಗೆಯೂ ಏನನ್ನು ಕೇಳಬೇಕೆಂದು ತಿಳಿಯಲಿ ಎಂಬುದೇ ಈ ಬರಹದ ಉದ್ದೇಶ. ನಾನು ಬಳಸಿದ ಅಳತೆಗೋಲು ಒಂದೇ: ಸುದ್ದಿಯನ್ನು ಓದಿದ ಮೇಲೆ ಮನೆಯವರು ಮಾಡಬಹುದಾದದ್ದು ಏನಾದರೂ ಇತ್ತೇ, ಅದನ್ನು ಮಾಡುವಷ್ಟು ಸಮಯ ಉಳಿದಿತ್ತೇ?

ಈ ಅಳತೆಯಲ್ಲಿ ಶುಕ್ರವಾರದ ಪತ್ರವೇ ಎಲ್ಲಕ್ಕಿಂತ ಮೇಲೆ ನಿಲ್ಲುತ್ತದೆ. ಪತ್ರದ ಮೊದಲ ನಾಲ್ಕೈದು ಸಾಲುಗಳಲ್ಲಿ ಮುಂದಿನ ವಾರ ಮನೆಯಿಂದ ಆಗಬೇಕಾದ ಕೆಲಸಗಳು ದಿನಾಂಕದ ಸಮೇತ ಇರುತ್ತವೆ: ಹೊರಸಂಚಾರದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಬುಧವಾರದೊಳಗೆ ಕಳುಹಿಸುವುದು, ಗುರುವಾರ ಖಾಲಿ ರಟ್ಟಿನ ಡಬ್ಬಿಯೊಂದನ್ನು ಕೊಟ್ಟು ಕಳುಹಿಸುವುದು, ಗ್ರಂಥಾಲಯದ ಪುಸ್ತಕ ಹಿಂದಿರುಗಿಸುವುದು. ಅದರ ಕೆಳಗೆ ತರಗತಿವಾರು ಐದಾರು ಸಾಲು, ಆ ವಾರ ಮಕ್ಕಳು ಏನು ಕಲಿತರು ಎಂಬುದರ ವಿವರ. ಕೊನೆಯಲ್ಲಿ ಮುಖ್ಯ ಶಿಕ್ಷಕಿಯವರ ಒಂದು ಚಿಕ್ಕ ಟಿಪ್ಪಣಿ. ಅಷ್ಟೇ. ಓದಲು ಮೂರು ನಿಮಿಷಕ್ಕಿಂತ ಹೆಚ್ಚು ಬೇಕಾದ ಪತ್ರ ಕಳೆದ ಎರಡು ವರ್ಷಗಳಲ್ಲಿ ಬಂದ ನೆನಪಿಲ್ಲ.

ಆ ಐದಾರು ಸಾಲುಗಳ ಬೆಲೆ ನನಗೆ ತಿಳಿದದ್ದು ನಿಧಾನವಾಗಿ. ಶಾಲೆಯಿಂದ ಬಂದ ಮಗುವನ್ನು "ಇವತ್ತು ಏನು ಮಾಡಿದಿರಿ?" ಎಂದು ಕೇಳಿದರೆ "ಏನೂ ಇಲ್ಲ" ಎಂಬ ಉತ್ತರ ಬರುವುದನ್ನು ಎಲ್ಲ ಪೋಷಕರೂ ಬಲ್ಲರು. ಮಗು ಏನನ್ನೋ ಮುಚ್ಚಿಡುತ್ತಿದೆ ಎಂದಲ್ಲ. ಆರೇಳು ಗಂಟೆಗಳ ಅನುಭವದಲ್ಲಿ ಯಾವುದನ್ನು ಹೆಕ್ಕಿ ಹೇಳಬೇಕೆಂದು ಅದಕ್ಕೆ ತೋಚುವುದಿಲ್ಲ. "ಒದ್ದೆ ಹತ್ತಿಯ ಮೇಲೆ ಹುರುಳಿಕಾಯಿಯ ಬೀಜ ಇಟ್ಟಿದ್ದೇವೆ, ಒಂದು ಬಟ್ಟಲನ್ನು ಬೆಳಕಿನಲ್ಲೂ ಇನ್ನೊಂದನ್ನು ಕತ್ತಲೆಯಲ್ಲೂ ಇರಿಸಿದ್ದೇವೆ" ಎಂದು ಪತ್ರದಲ್ಲಿ ಓದಿದ ದಿನ, ಕತ್ತಲೆಯಲ್ಲಿಟ್ಟ ಬೀಜ ಮೊಳೆಯಿತೇ ಎಂದು ಮಗನನ್ನು ಕೇಳಿದೆ. ಕತ್ತಲೆಯ ಬಟ್ಟಲಿನದೂ ಮೊಳೆತಿದೆ, ಆದರೆ ಅದು ಉದ್ದವಾಗಿ, ಬಿಳಿಚಿಕೊಂಡು, ತಲೆ ಬಾಗಿಸಿ ನಿಂತಿದೆ ಎಂದು ಅವನು ಕೈಯಲ್ಲೇ ತೋರಿಸುತ್ತಾ ಹದಿನೈದು ನಿಮಿಷ ವಿವರಿಸಿದ. ಮೊಳೆಯಲು ಬೀಜಕ್ಕೆ ಬೇಕಾದ ಆಹಾರ ಅದರೊಳಗೇ ಇರುತ್ತದೆ, ಹಸಿರಾಗಲು ಮಾತ್ರ ಬೆಳಕು ಬೇಕು ಎಂಬಲ್ಲಿಗೆ ಆ ಮಾತುಕತೆ ಮುಟ್ಟಿತು. ಶಿಕ್ಷಕಿಯವರ ಒಂದೇ ವಾಕ್ಯ ನಮ್ಮ ಮನೆಯಲ್ಲಿ ಇಷ್ಟು ಕೆಲಸ ಮಾಡಿತ್ತು.

ಇದು ನಮ್ಮ ಮನೆಗೆ ಮಾತ್ರ ಸಂಬಂಧಿಸಿದ ಅನುಭವವಲ್ಲ. ಅಮೆರಿಕದ ಸಂಶೋಧಕರಾದ ಬೆಂಜಮಿನ್ ಯಾರ್ಕ್ ಮತ್ತು ಸುಸಾನಾ ಲೋಬ್ ಅವರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಪ್ರಾಥಮಿಕ ಶಾಲೆಗೆ ಇನ್ನೂ ಸೇರದ ಮಕ್ಕಳ ಪೋಷಕರಿಗೆ ವಾರಕ್ಕೆ ಮೂರು ಚಿಕ್ಕ ಸಂದೇಶಗಳನ್ನು ಎಂಟು ತಿಂಗಳು ಕಳುಹಿಸಿ ನಡೆಸಿದ ಅಧ್ಯಯನದ ವರದಿ 2014ರಲ್ಲಿ ಪ್ರಕಟವಾಯಿತು. ವಾರದ ಒಂದು ಸಂದೇಶದಲ್ಲಿ ಅಕ್ಷರ ಕಲಿಕೆಯ ಕುರಿತ ಒಂದು ಸಂಗತಿ, ಇನ್ನೊಂದರಲ್ಲಿ ಮನೆಯಲ್ಲೇ ಮಾಡಬಹುದಾದ ಒಂದು ಸಣ್ಣ ಚಟುವಟಿಕೆ, ಮೂರನೆಯದರಲ್ಲಿ ಅದನ್ನು ಮುಂದುವರಿಸುವಂತೆ ಪ್ರೋತ್ಸಾಹ ಇರುತ್ತಿತ್ತು. ಪೋಷಕರು ಮನೆಯಲ್ಲಿ ಮಕ್ಕಳೊಡನೆ ಅಂಥ ಚಟುವಟಿಕೆಗಳನ್ನು ಹೆಚ್ಚಾಗಿ ಮಾಡಿದರು, ಮಕ್ಕಳ ಆರಂಭಿಕ ಓದಿನ ಕೆಲವು ಕೌಶಲಗಳೂ ಉತ್ತಮಗೊಂಡವು. ಆ ಸಂದೇಶಗಳು ಚಿಕ್ಕವಾಗಿದ್ದವು, ಸ್ಪಷ್ಟವಾಗಿದ್ದವು, ಇವತ್ತೇ ಮಾಡಬಹುದಾದ ಒಂದು ಕೆಲಸವನ್ನು ಹೇಳುತ್ತಿದ್ದವು. ನಮ್ಮ ಶಾಲೆಯ ಪತ್ರದಲ್ಲಿ ನಾನು ಮೆಚ್ಚುವುದೂ ಇದೇ ಗುಣವನ್ನು.

ಆದರೆ ಈ ಪತ್ರ ಮೊದಲಿನಿಂದಲೂ ಹೀಗಿರಲಿಲ್ಲ. ಮೊದಲ ವರ್ಷ ಇದು ಪಿಡಿಎಫ್ ರೂಪದ ಲಗತ್ತಾಗಿ ಬರುತ್ತಿತ್ತು: ಎರಡು ಅಂಕಣ, ಬಣ್ಣದ ಅಂಚು, ನಾಲ್ಕು ಪುಟ. ಅಡೋಬಿ ಸಂಸ್ಥೆ 1993ರಲ್ಲಿ ಹೊರತಂದ ಪಿಡಿಎಫ್‌ನ ಉದ್ದೇಶವೇ ಯಾವ ಯಂತ್ರದಲ್ಲಿ ತೆರೆದರೂ ಪುಟ ಒಂದೇ ಥರ ಕಾಣಬೇಕು ಎಂಬುದು. ಮುದ್ರಣಕ್ಕೆ ಅದು ಒಳ್ಳೆಯ ಗುಣ. ಅದೇ ಗುಣದಿಂದಾಗಿ ಪುಟ ಫೋನಿನ ಸಣ್ಣ ಪರದೆಗೆ ತಕ್ಕಂತೆ ಹೊಂದಿಕೊಳ್ಳುವುದಿಲ್ಲ. ಓದುವವರು ಬೆರಳಿನಿಂದ ಹಿಗ್ಗಿಸಿ, ಎಡಕ್ಕೂ ಬಲಕ್ಕೂ ಸರಿಸಿ ಸಾಲು ಹುಡುಕಬೇಕು. ಇದಕ್ಕಿಂತಲೂ ದೊಡ್ಡ ತೊಂದರೆ, ಆ ಪುಟಗಳಲ್ಲಿ ಹಲವು ಪಠ್ಯದ ಬದಲು ಚಿತ್ರಗಳಾಗಿದ್ದವು. ಚಿತ್ರವಾಗಿ ಬಂದ ಅಕ್ಷರಗಳನ್ನು ದೃಷ್ಟಿದೋಷವಿರುವ ಪೋಷಕರ ಫೋನು ಗಟ್ಟಿಯಾಗಿ ಓದಿ ಹೇಳಲಾರದು, ಬೇರೆ ಮಾತೃಭಾಷೆಯವರು ಅದನ್ನು ಸುಲಭವಾಗಿ ಅನುವಾದಕ್ಕೆ ಕೊಡಲಾರರು, ಎರಡು ತಿಂಗಳ ನಂತರ ಒಂದು ದಿನಾಂಕವನ್ನು ಹುಡುಕಲು ಯಾರಿಗೂ ಆಗದು. ಎರಡನೆಯ ವರ್ಷದ ಆರಂಭದಲ್ಲಿ ಕೆಲವು ಪೋಷಕರು ಇದನ್ನು ತಿಳಿಸಿದ ಮೇಲೆ ಶಾಲೆ ಪತ್ರವನ್ನು ಇಮೇಲ್‌ನ ಒಡಲಿನಲ್ಲೇ ಸರಳ ಪಠ್ಯವಾಗಿ ಕಳುಹಿಸತೊಡಗಿತು. ಅಂಚು, ಬಣ್ಣಗಳು ಹೋದವು, ಪತ್ರ ಓದಿಸಿಕೊಳ್ಳುವಂತಾಯಿತು. ಹೇಳಿದ್ದನ್ನು ಕೇಳಿಸಿಕೊಂಡು ತಿದ್ದಿಕೊಂಡ ಶಾಲೆಯನ್ನು ಇದಕ್ಕಾಗಿ ಮನಸಾರೆ ಅಭಿನಂದಿಸುತ್ತೇನೆ.

ಸೇವೆಯ ಅತ್ಯಂತ ದುರ್ಬಲ ಭಾಗ ತುರ್ತು ಎಸ್‌ಎಂಎಸ್. ಅತ್ಯಂತ ಭದ್ರವಾಗಿರಬೇಕಾದದ್ದೂ ಅದೇ ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಎಸ್‌ಎಂಎಸ್ ಆಯ್ದುಕೊಂಡ ನಿರ್ಧಾರವೇನೋ ಸರಿಯಾದದ್ದು. ಇಂಟರ್ನೆಟ್ ಇಲ್ಲದಿದ್ದರೂ, ಎಷ್ಟೇ ಹಳೆಯ ಫೋನಾಗಿದ್ದರೂ ಅದು ತಲುಪುತ್ತದೆ. ಆದರೆ ಒಂದು ಎಸ್‌ಎಂಎಸ್‌ನಲ್ಲಿ ಹಿಡಿಸುವುದು 140 ಬೈಟ್ ಮಾತ್ರ. ಇಂಗ್ಲಿಷ್ ಅಕ್ಷರಗಳಾದರೆ ಅಷ್ಟರಲ್ಲಿ 160 ಸಂಕೇತಗಳು ಹಿಡಿಸುತ್ತವೆ, ಕನ್ನಡದಂಥ ಲಿಪಿಯಲ್ಲಿ ಬರೆದರೆ 70. ಅದೂ ಅಕ್ಷರಗಳ ಲೆಕ್ಕವಲ್ಲ. ವ್ಯಂಜನ, ಸ್ವರಚಿಹ್ನೆ, ಒತ್ತಕ್ಷರವನ್ನು ಜೋಡಿಸುವ ಹಲಂತ ಚಿಹ್ನೆ (್), ಎಲ್ಲವೂ ಬೇರೆಬೇರೆಯಾಗಿ ಎಣಿಕೆಯಾಗುತ್ತವೆ. ನಮ್ಮ ಕಣ್ಣಿಗೆ ಮೂರೇ ಅಕ್ಷರದ "ವಿದ್ಯಾರ್ಥಿ" ಎಂಬ ಪದ 10 ಸಂಕೇತಗಳನ್ನು ತೆಗೆದುಕೊಳ್ಳುತ್ತದೆ. 70 ಮೀರಿದರೆ ಸಂದೇಶ ತುಂಡಾಗುತ್ತದೆ. ತುಂಡುಗಳನ್ನು ಜೋಡಿಸುವ ಮಾಹಿತಿಗೂ ಜಾಗ ಬೇಕಾದ್ದರಿಂದ ಆಮೇಲೆ ತುಂಡಿಗೆ 67 ಸಂಕೇತ ಮಾತ್ರ ದಕ್ಕುತ್ತದೆ, ಕಳುಹಿಸುವವರಿಗೆ ಪ್ರತಿ ತುಂಡೂ ಒಂದೊಂದು ಸಂದೇಶವೆಂದೇ ಲೆಕ್ಕಕ್ಕೆ ಬರುತ್ತದೆ.

ನಮ್ಮ ಶಾಲೆಯ ಪ್ರತಿ ತುರ್ತು ಸಂದೇಶವೂ "ಗೌರವಾನ್ವಿತ ಪೋಷಕರೇ," ಎಂದು ಆರಂಭವಾಗುತ್ತಿತ್ತು. ನಾನು ಎಣಿಸಿ ನೋಡಿದೆ: ಆ ಸಂಬೋಧನೆಯೇ 18 ಸಂಕೇತ. "ನಾಳೆ ಶಾಲೆಗೆ ರಜೆ" ಎಂಬ ಇಡೀ ಸುದ್ದಿಗೆ ಬೇಕಾದದ್ದು 15. ಗೌರವ ಬೇಡವೆಂದು ನಾನು ಹೇಳುತ್ತಿಲ್ಲ. ಪತ್ರದಲ್ಲಿ ಅದಕ್ಕೆ ಧಾರಾಳವಾಗಿ ಸ್ಥಳವಿದೆ. ತುರ್ತು ಸಂದೇಶದಲ್ಲಿ ಮೊದಲು ಬರಬೇಕಾದದ್ದು ಸುದ್ದಿ, ಏಕೆಂದರೆ ಬೀಗ ಹಾಕಿದ ಫೋನಿನ ಪರದೆಯ ಮೇಲೆ ಮೊದಲ ಸಾಲಷ್ಟೇ ಕಾಣುತ್ತದೆ. ಖರ್ಚು ಮತ್ತು ಉದ್ದ ಎರಡೂ ಹೆಚ್ಚಾಗುತ್ತವೆಂದು ಶಾಲೆ ಎರಡನೆಯ ವರ್ಷ ಎಸ್‌ಎಂಎಸ್‌ಗಳನ್ನು ಇಂಗ್ಲಿಷಿಗೆ ಬದಲಾಯಿಸಿತು. ಇದರಿಂದ ನಷ್ಟವಾದದ್ದು ನಮ್ಮ ತಾಯಿಯಂಥವರಿಗೆ. ಮಧ್ಯಾಹ್ನ ಶಾಲೆಯ ಗೇಟಿನ ಬಳಿ ನಿಂತು ಮಕ್ಕಳನ್ನು ಕರೆದುಕೊಂಡು ಬರುವವರು ಅವರು; ಕನ್ನಡವನ್ನು ನಿರರ್ಗಳವಾಗಿ ಓದುತ್ತಾರೆ, ಇಂಗ್ಲಿಷ್ ಓದಲಾರರು.

ಕಳೆದ ವರ್ಷ ಒಂದು ದಿನ ನೀರಿನ ಕೊಳವೆ ಒಡೆದು ಶಾಲೆಯನ್ನು ಎರಡು ಗಂಟೆ ಮೊದಲೇ ಬಿಡಬೇಕಾಯಿತು. ಸಂದೇಶ ಬಂತು, ಸರಿಯಾದ ಹೊತ್ತಿಗೇ ಬಂತು, ಆದರೆ ಬಂದದ್ದು ನನ್ನ ಫೋನಿಗೆ. ದಾಖಲಾತಿ ಅರ್ಜಿಯಲ್ಲಿ ಮೊದಲು ಬರೆದ ಸಂಖ್ಯೆಗೆ ಮಾತ್ರ ತುರ್ತು ಸಂದೇಶ ಹೋಗುವಂತೆ ವ್ಯವಸ್ಥೆ ಮಾಡಲಾಗಿದೆ ಎಂಬುದು ಅಂದು ನನಗೆ ತಿಳಿಯಿತು. ನಾನು ಕಚೇರಿಯ ಸಭೆಯಲ್ಲಿದ್ದೆ, ಫೋನು ಮೇಜಿನ ಖಾನೆಯಲ್ಲಿತ್ತು. ನಮ್ಮ ತಾಯಿ ಎಂದಿನ ಸಮಯಕ್ಕೆ ಹೊರಡಲು ಸಿದ್ಧರಾಗುತ್ತಿದ್ದರು. ಮಗಳು ಶಾಲೆಯ ಆಯಾ ಅವರ ಜೊತೆ ಒಂದೂವರೆ ಗಂಟೆ ಕಾದಳು. ಅವಳು ಸುರಕ್ಷಿತವಾಗಿದ್ದಳು, ಆಯಾ ಅವರು ಅವಳನ್ನು ಒಂದು ಕ್ಷಣವೂ ಒಬ್ಬಳನ್ನೇ ಬಿಡಲಿಲ್ಲ, ಅದಕ್ಕೆ ನಾವು ಋಣಿಗಳು. ಆದರೂ ಸಂಜೆ ಅವಳು, "ಅಪ್ಪಾ, ಎಲ್ಲರ ಮನೆಯವರೂ ಬಂದರು, ಅಜ್ಜಿಗೆ ಯಾಕೆ ಯಾರೂ ಹೇಳಲಿಲ್ಲ?" ಎಂದು ಕೇಳಿದ ಪ್ರಶ್ನೆಯನ್ನು ಮರೆಯಲು ಆಗಿಲ್ಲ. ಸುದ್ದಿಯನ್ನು ಕಳುಹಿಸಿದ್ದೇವೆ ಎಂಬ ದಾಖಲೆ ಶಾಲೆಯ ಬಳಿ ಇತ್ತು. ಸುದ್ದಿ ಬೇಕಾದವರಿಗೆ ತಲುಪಿರಲಿಲ್ಲ. ಮಗುವನ್ನು ಕರೆದೊಯ್ಯುವವರು ಯಾರೋ ಅವರ ಕೈಯಲ್ಲಿರುವ ಫೋನಿಗೆ, ಅವರು ಓದುವ ಭಾಷೆಯಲ್ಲಿ ಸಂದೇಶ ಹೋಗಬೇಕು. ತಂದೆ ತಾಯಿ ಬೇರೆ ಬೇರೆ ಮನೆಗಳಲ್ಲಿರುವ ಮಕ್ಕಳ ವಿಷಯದಲ್ಲಂತೂ ಒಂದೇ ಸಂಖ್ಯೆಯ ನಿಯಮ ಇನ್ನೂ ಕಷ್ಟಕರವಾದದ್ದು. ಒಂದು ಮನೆ ಶಾಲೆಯ ಸುದ್ದಿಯಿಂದ ಪೂರ್ತಿಯಾಗಿ ಹೊರಗೇ ಉಳಿದುಬಿಡುತ್ತದೆ.

ಕಾಯಿಲೆಗಳ ಕುರಿತ ಸೂಚನೆಗಳಲ್ಲಿ ಮಾತ್ರ ಇದೇ ಶಾಲೆ ಉಳಿದವರಿಗೆ ಮಾದರಿಯಾಗಬಲ್ಲಷ್ಟು ಬೆಳೆದಿದೆ. ಮೊದಲ ವರ್ಷ ಬಂದಿದ್ದ ಸೂಚನೆಯಲ್ಲಿ, ಕೆಲವು ಮಕ್ಕಳಲ್ಲಿ ಅನಾರೋಗ್ಯ ಕಂಡುಬಂದಿದ್ದು ಪೋಷಕರು ಮುನ್ನೆಚ್ಚರಿಕೆ ವಹಿಸಬೇಕು ಎಂದಷ್ಟೇ ಇತ್ತು. ಯಾವ ಕಾಯಿಲೆ, ಯಾವ ತರಗತಿ, ಎಂಥ ಎಚ್ಚರಿಕೆ, ಒಂದೂ ಗೊತ್ತಾಗದೆ ಎಲ್ಲರೂ ಗಾಬರಿಗೊಂಡು ಒಬ್ಬರಿಗೊಬ್ಬರು ಫೋನು ಮಾಡಿ ಊಹಾಪೋಹ ಹರಡಿದೆವು. ಈ ವರ್ಷ ಮಗನ ತರಗತಿಯಲ್ಲಿ ಒಂದು ಮಗುವಿಗೆ ಚಿಕನ್‌ಪಾಕ್ಸ್ ಬಂದಾಗ ಅದೇ ದಿನ ಬಂದ ಸೂಚನೆಯಲ್ಲಿ ಮಗುವಿನ ಹೆಸರಿರಲಿಲ್ಲ, ಉಳಿದದ್ದೆಲ್ಲ ಇತ್ತು. ಕಾಯಿಲೆಯ ಹೆಸರು, ತರಗತಿ, ಆ ಮಗು ಕೊನೆಯ ಬಾರಿ ತರಗತಿಯಲ್ಲಿದ್ದ ದಿನಾಂಕ. ಸೋಂಕು ತಗುಲಿದ ಮೇಲೆ ಲಕ್ಷಣಗಳು ಕಾಣಿಸಿಕೊಳ್ಳಲು 10ರಿಂದ 21 ದಿನ ಬೇಕಾಗಬಹುದು, ಗುಳ್ಳೆಗಳು ಏಳುವ ಒಂದೆರಡು ದಿನ ಮೊದಲೇ ಮಗುವಿನಿಂದ ಸೋಂಕು ಹರಡಬಹುದು, ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆಗಟ್ಟುವವರೆಗೆ ಮಗುವನ್ನು ಶಾಲೆಗೆ ಕಳುಹಿಸಬಾರದು ಎಂಬ ವಿವರ. ಮನೆಯಲ್ಲಿ ಗರ್ಭಿಣಿಯರು ಅಥವಾ ರೋಗನಿರೋಧಕ ಶಕ್ತಿ ಕುಂದಿದವರು ಇದ್ದರೆ ತಡಮಾಡದೆ ವೈದ್ಯರನ್ನು ಸಂಪರ್ಕಿಸಬೇಕು ಎಂಬ ಮಾತು.

ದಿನಾಂಕವೊಂದಿದ್ದರೆ ಏನೇನು ಸಾಧ್ಯವಾಗುತ್ತದೆ ನೋಡಿ. ಆ ದಿನದಿಂದ ಹತ್ತು ದಿನ ಎಣಿಸಿ, ಅಲ್ಲಿಂದ ಇಪ್ಪತ್ತೊಂದನೆಯ ದಿನದವರೆಗೆ ಮಗನ ಮೈಯನ್ನು ಪ್ರತಿ ದಿನ ಸ್ನಾನದ ಹೊತ್ತಿಗೆ ಗಮನಿಸಬೇಕೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡೆವು. ತುಂಬು ಗರ್ಭಿಣಿಯಾಗಿದ್ದ ನನ್ನ ತಂಗಿ ಆ ವಾರಗಳಲ್ಲಿ ನಮ್ಮ ಮನೆಗೆ ಬರಬೇಕಿತ್ತು. ಅವಳ ವೈದ್ಯರನ್ನು ಕೇಳಿ ಪ್ರಯಾಣ ಮುಂದೂಡಿದೆವು. ಮಗನಿಗೆ ಕೊನೆಗೂ ಏನೂ ಆಗಲಿಲ್ಲ. ಆದರೆ ಆ ಸೂಚನೆ ಮೂರು ದಿನ ತಡವಾಗಿ ಬಂದಿದ್ದರೂ ತಂಗಿ ಅಷ್ಟರೊಳಗೆ ನಮ್ಮಲ್ಲಿಗೆ ಬಂದಾಗಿರುತ್ತಿತ್ತು.

ತಲೆಹೇನಿನ ಕುರಿತ ಟಿಪ್ಪಣಿಯೂ ಇಷ್ಟೇ ಚೆನ್ನಾಗಿತ್ತು. ಹೇನು ಜಿಗಿಯುವುದಿಲ್ಲ, ಹಾರುವುದಿಲ್ಲ, ತಲೆಗೆ ತಲೆ ತಾಗಿದಾಗ ಹರಡುತ್ತದೆ, ಅದು ಬಂದ ಮಾತ್ರಕ್ಕೆ ಮನೆ ಕೊಳಕು ಎಂದಲ್ಲ ಎಂದು ಮೊದಲೇ ಹೇಳಿ, ಸೀರು ಒಡೆದು ಮರಿ ಬರಲು ಒಂದು ವಾರದಿಂದ ಹತ್ತು ದಿನ ಬೇಕಾಗುವುದರಿಂದ ಒಮ್ಮೆ ತಲೆ ಬಾಚಿ ಸುಮ್ಮನಾಗದೆ ಮುಂದಿನ ವಾರ ಮತ್ತೆ ನೋಡಿ ಎಂದು ತಿಳಿಸಿದ್ದರು. ಯಾವ ಮಗುವಿಗೂ ಅವಮಾನವಾಗದಂತೆ, ಎಲ್ಲ ಮನೆಗಳಿಗೂ ಮಾಡಬೇಕಾದ ಕೆಲಸ ತಿಳಿಯುವಂತೆ ಬರೆದ ಆ ಎಂಟು ಸಾಲುಗಳ ಹಿಂದೆ ಮಕ್ಕಳನ್ನು ಬಲ್ಲವರ ಕೈ ಇದೆ.

ಆ್ಯಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಿನಕ್ಕೆ ಐದಾರು ನೋಟಿಫಿಕೇಶನ್ ಬರುತ್ತವೆ. ಹೊಸ ಚಿತ್ರ ಹಾಕಲಾಗಿದೆ, ಚಿತ್ರಕ್ಕೆ ಯಾರೋ ಮೆಚ್ಚುಗೆ ಸೂಚಿಸಿದ್ದಾರೆ, ನಾಳೆ ಗಣಿತದ ಪುಸ್ತಕ ತರಬೇಕು ಎಂಬ ಮೂರೂ ಒಂದೇ ಸದ್ದು ಮಾಡುತ್ತವೆ. ಎರಡು ತಿಂಗಳಲ್ಲಿ ನಾನು ಆ ಸದ್ದನ್ನು ಆರಿಸಿದೆ, ಅದರೊಡನೆ ಗಣಿತದ ಪುಸ್ತಕದ ಸೂಚನೆಯೂ ತಪ್ಪಿಹೋಯಿತು. ಚಿತ್ರಗಳ ವಿಷಯದಲ್ಲಿ ಶಾಲೆ ವರ್ಷದ ಆರಂಭದಲ್ಲೇ ಪ್ರತಿ ಪೋಷಕರಿಂದ ಲಿಖಿತ ಒಪ್ಪಿಗೆ ಪಡೆಯುತ್ತದೆ, ಒಪ್ಪದವರ ಮಕ್ಕಳ ಮುಖ ಕಾಣದಂತೆ ಚಿತ್ರ ತೆಗೆಯುತ್ತದೆ. ಈ ಶಿಸ್ತನ್ನು ಮೂರು ವರ್ಷವೂ ತಪ್ಪದೆ ಪಾಲಿಸಿರುವುದು ದೊಡ್ಡ ಮಾತು. ಪೋಷಕರೇ ಮಾಡಿಕೊಂಡಿರುವ ವಾಟ್ಸ್‌ಆ್ಯಪ್ ಗುಂಪು ಶಾಲೆಯ ಸೇವೆಗೆ ಸೇರಿದ್ದಲ್ಲವಾದರೂ ಒಂದು ಮಾತು: ನಿರ್ವಾಹಕರು ಮಾತ್ರ ಸಂದೇಶ ಹಾಕುವಂತೆ ಮಾಡುವ ಅವಕಾಶ ವಾಟ್ಸ್‌ಆ್ಯಪ್‌ನಲ್ಲಿ 2018ರಿಂದ ಇದೆ. ಸುದ್ದಿಗೆ ಅಂಥ ಒಂದು ಗುಂಪು, ಮಾತುಕತೆಗೆ ಬೇರೆ ಗುಂಪು ಎಂದು ವಿಂಗಡಿಸಿದ ಮೇಲೆ, ರಾತ್ರಿ ಹತ್ತು ಗಂಟೆಗೆ ಶಿಕ್ಷಕಿಯವರಿಗೆ ಮನೆಗೆಲಸದ ಪ್ರಶ್ನೆ ಕೇಳುವುದು ನಮ್ಮಲ್ಲಿ ನಿಂತಿತು. ಅವರಿಗೂ ಮನೆ, ಮಕ್ಕಳು ಇದ್ದಾರೆ.

ಕ್ಯಾಲೆಂಡರ್ ಸದ್ದಿಲ್ಲದೆ ಒಳ್ಳೆಯ ಕೆಲಸ ಮಾಡುತ್ತದೆ. 1998ರಲ್ಲೇ ರೂಪುಗೊಂಡ ಐಕ್ಯಾಲೆಂಡರ್ ಎಂಬ ಸಾಮಾನ್ಯ ಮಾನಕವನ್ನು ಬಳಸಿರುವುದರಿಂದ ಅದರ ಕೊಂಡಿಯನ್ನು ಒಮ್ಮೆ ಫೋನಿಗೆ ಸೇರಿಸಿದರೆ ಸಾಕು. ಶಾಲೆ ದಿನಾಂಕ ಬದಲಿಸಿದರೆ ಸ್ವಲ್ಪ ಹೊತ್ತಿನಲ್ಲಿ ನಮ್ಮ ಫೋನಿನಲ್ಲೂ ಅದು ಬದಲಾಗುತ್ತದೆ. ಪೋಷಕರ ಸಭೆ ಒಮ್ಮೆ ಶನಿವಾರದಿಂದ ಸೋಮವಾರಕ್ಕೆ ಹೋದಾಗ ಮುದ್ರಿತ ಪಟ್ಟಿಯನ್ನು ನಂಬಿದವರು ಶನಿವಾರ ಬಂದು ಹಿಂದಿರುಗಿದರು. ಹೀಗೆ ಜೋಡಿಸಿಕೊಳ್ಳಬಹುದೆಂದು ಶಾಲೆ ಎಲ್ಲರಿಗೂ ತಿಳಿಯುವಂತೆ ಹೇಳಿಲ್ಲ ಎಂಬುದೇ ನನ್ನ ಆಕ್ಷೇಪ.

ಇನ್ನೊಂದು ಕೊರತೆ ಉಳಿದಿದೆ, ನನ್ನ ದೃಷ್ಟಿಯಲ್ಲಿ ಸಣ್ಣದಲ್ಲ. ಶಾಲೆ ಮತ್ತು ಕುಟುಂಬಗಳ ಸಂಬಂಧವನ್ನು ದಶಕಗಳ ಕಾಲ ಅಧ್ಯಯನ ಮಾಡಿದ, ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಜಾಯ್ಸ್ ಎಪ್‌ಸ್ಟೈನ್ ಅವರು ಆ ಸಂಬಂಧವನ್ನು ಆರು ಬಗೆಗಳಾಗಿ ವಿಂಗಡಿಸುತ್ತಾರೆ. ಅದರಲ್ಲಿ ಸಂವಹನವೆಂಬ ಬಗೆಯನ್ನು ವಿವರಿಸುವಾಗ ಶಾಲೆಯಿಂದ ಮನೆಗೆ ಮಾತ್ರವಲ್ಲ, ಮನೆಯಿಂದ ಶಾಲೆಗೂ ಸುದ್ದಿ ಹೋಗಬೇಕು ಎನ್ನುತ್ತಾರೆ. ನಮ್ಮ ಶುಕ್ರವಾರದ ಪತ್ರಕ್ಕೆ ಉತ್ತರಿಸಿದರೆ ಅದು ಯಾರೂ ನೋಡದ ಒಂದು ವಿಳಾಸಕ್ಕೆ ಹೋಗಿ ಸೇರುತ್ತದೆ. ಹುರುಳಿಕಾಯಿಯ ಬೀಜದ ಮಾತುಕತೆಯ ಬಗ್ಗೆ ಎರಡು ಸಾಲು ಬರೆದು ಕಳುಹಿಸಿದ್ದೆ. ಅದು ಶಿಕ್ಷಕಿಯವರಿಗೆ ತಲುಪಿರಲೇ ಇಲ್ಲವೆಂದು ತಿಂಗಳ ನಂತರ ಅವರನ್ನು ಭೇಟಿಯಾದಾಗ ಗೊತ್ತಾಯಿತು. ತಾವು ಬರೆದ ಒಂದು ಸಾಲು ಮನೆಯಲ್ಲಿ ಏನು ಮಾಡಿತೆಂದು ಕೇಳಿ ಅವರಿಗಾದ ಸಂತೋಷವನ್ನು ನೋಡಿದಾಗ, ಪ್ರತಿ ವಾರ ಎಷ್ಟು ಮನೆಗಳ ಎಷ್ಟು ಮಾತುಗಳು ಹೀಗೆ ಕಳೆದುಹೋಗುತ್ತಿರಬಹುದು ಎಂದು ವ್ಯಥೆಯಾಯಿತು.

ಆದ್ದರಿಂದ ಶಾಲೆ ಹುಡುಕುತ್ತಿರುವವರಿಗೆ ನನ್ನ ಸಲಹೆ: ಕಳೆದ ತಿಂಗಳು ಮನೆಗಳಿಗೆ ಕಳುಹಿಸಿದ ಒಂದು ಪತ್ರವನ್ನು ತೋರಿಸಲು ಕೇಳಿ, ತುರ್ತು ಸಂದೇಶ ಎಷ್ಟು ಸಂಖ್ಯೆಗಳಿಗೆ, ಯಾವ ಭಾಷೆಯಲ್ಲಿ ಹೋಗುತ್ತದೆ ಎಂದು ವಿಚಾರಿಸಿ, ಉತ್ತರ ಬರೆದರೆ ಅದನ್ನು ಓದುವವರು ಯಾರು ಎಂದು ತಿಳಿದುಕೊಳ್ಳಿ. ಆ್ಯಪ್ ಎಷ್ಟು ಸುಂದರವಾಗಿದೆ ಎಂಬುದನ್ನು ಕೊನೆಗೆ ನೋಡಿದರೂ ನಡೆಯುತ್ತದೆ. ನಮ್ಮ ಶಾಲೆಯ ಸೇವೆಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಶುಕ್ರವಾರದ ಪತ್ರಕ್ಕೇ ಬೇರೆಯಾಗಿ ಕೊಡಬೇಕೆಂದರೆ ಐದಕ್ಕೆ ಐದು.

ಕಳೆದ ಪೋಷಕರ ಸಭೆಯಲ್ಲಿ ಒಂದೇ ಸಂಖ್ಯೆಯ ನಿಯಮದ ಬಗ್ಗೆ ನಾವು ಕೆಲವರು ಮಾತನಾಡಿದಾಗ ಮುಖ್ಯ ಶಿಕ್ಷಕಿಯವರು ಪೂರ್ತಿಯಾಗಿ ಕೇಳಿಸಿಕೊಂಡು ಬರೆದುಕೊಂಡರು. ಮುಂದಿನ ವರ್ಷದ ಅರ್ಜಿ ನಮೂನೆ ಮೊನ್ನೆ ಮನೆಗೆ ಬಂದಿದೆ. ತುರ್ತು ಸಂಪರ್ಕದ ಜಾಗದಲ್ಲಿ ಈಗ ಎರಡು ಸಾಲುಗಳಿವೆ, ಪ್ರತಿ ಸಾಲಿನ ಪಕ್ಕದಲ್ಲೂ ಭಾಷೆಯನ್ನು ಬರೆಯಲು ಒಂದು ಚೌಕವಿದೆ. ಎರಡನೆಯ ಸಾಲಿನಲ್ಲಿ ನಮ್ಮ ತಾಯಿಯ ಫೋನ್ ಸಂಖ್ಯೆಯನ್ನು, ಪಕ್ಕದ ಚೌಕದಲ್ಲಿ ಕನ್ನಡ ಎಂದು ಮಗಳೇ ತನ್ನ ಕೈಯಾರೆ ಬರೆದಳು.